ಶಾಂತಿ ಸ್ತಂಭದ ಬುಡದಲ್ಲಿ ಹೂವಿನ ಗೌರಮ್ಮ

ಭಾನುವಾರ ಸಂಜೆ ನಾಲ್ಕು ಗಂಟೆ ಇಪ್ಪತ್ತೆರಡು ನಿಮಿಷಕ್ಕೆ ಶಾಂತಿ ನನ್ನ ತಲೆಯ ಮೇಲೆ ಬೀಳುವುದರಲ್ಲಿತ್ತು.

ಅಲಂಕಾರಕ್ಕೆ ಹೇಳುತ್ತಿಲ್ಲ. ಸಿಮೆಂಟಿನ ಶಾಂತಿ ಅದು. ಗ್ಯಾಸ್ ಸಿಲಿಂಡರಿನಷ್ಟು ತೂಕದ ಒಂದು ಪಾರಿವಾಳ (ತುಂಬಿದ ಸಿಲಿಂಡರ್, ಖಾಲಿಯದಲ್ಲ). ಕೊಕ್ಕಿನಲ್ಲಿ ತಕ್ಕಡಿ, ತಲೆಯ ಮೇಲೆ ದೀಪ. ನಾನು ಮೈಕಿನ ಮುಂದೆ ನಿಂತು "ಈಗ ಮಾನ್ಯ ಅತಿಥಿಗಳಿಂದ ಲೋಕಾರ್ಪಣೆ" ಎಂದೆ. ಅತಿಥಿಗಳು ಹಗ್ಗ ಎಳೆದರು. ಪಾರಿವಾಳ ಹಾರಿತು. ಕೆಳಮುಖವಾಗಿ.

ಟೈಮು ಇಷ್ಟು ಕರಾರುವಾಕ್ಕಾಗಿ ಹೇಗೆ ಗೊತ್ತು ಅಂತೀರಾ? ಭಾನುವಾರ ನಾಲ್ಕೂವರೆಗೆ ರಾಹುಕಾಲ ಶುರು. ಅಷ್ಟರೊಳಗೆ ಪರದೆ ಸರಿಯಬೇಕಿತ್ತು. ನಮ್ಮ ಬಡಾವಣೆಯ ನಿವಾಸಿಗಳ ಸಂಘದ ಅಧ್ಯಕ್ಷರಾದ ನಂಜುಂಡಯ್ಯ ಅಂಕಲ್ ನನ್ನ ಪಕ್ಕದಲ್ಲೇ ನಿಂತು, ವಾಚು ನೋಡಿಕೊಂಡು, ಕಿವಿಯಲ್ಲಿ ಕಾಮೆಂಟರಿ ಕೊಡುತ್ತಿದ್ದರು. "ಇಪ್ಪತ್ತಾಯ್ತಮ್ಮ. ಇಪ್ಪತ್ತೊಂದಾಯ್ತಮ್ಮ. ಸ್ವಾಗತ ಸಾಕು, ಪರದೆಗೆ ಬಾ. ಇಪ್ಪತ್ತೆರಡಾಯ್ತು." ಅಷ್ಟೇ. ಆಮೇಲೆ ಸ್ವಲ್ಪ ಹೊತ್ತು ನನಗೆ ಏನೂ ಕೇಳಿಸಲಿಲ್ಲ.

ಪೇಪರಿನಲ್ಲಿ ಬರೆಯುವವರ ಕಷ್ಟ ನಿಮಗೆ ಗೊತ್ತಿಲ್ಲ. ಬಡಾವಣೆಯಲ್ಲಿ ಏನೇ ನಡೆದರೂ ನಿರೂಪಣೆ ನಮ್ಮ ತಲೆಗೆ. ಗಣೇಶನ ಹಬ್ಬಕ್ಕೆ ನಾನು, ರಾಜ್ಯೋತ್ಸವಕ್ಕೆ ನಾನು, ಕಸ ವಿಂಗಡಣೆ ಜಾಗೃತಿಗೂ ನಾನು. ಆದರೆ ಜೀವಕ್ಕೆ ಅಪಾಯ ಇರುವ ನಿರೂಪಣೆ ಇದೇ ಮೊದಲು.

ನಮ್ಮದು ಜೆ.ಪಿ. ನಗರದ ಒಳಗಿನ ಒಂದು ಬಡಾವಣೆ. ಮಧ್ಯದಲ್ಲಿ ಪಾರ್ಕು. ಅದಕ್ಕೆ ಎರಡು ಗೇಟು. ಮುಂದಿನ ಗೇಟಿನ ಒಳಗೆ, ಕಾಂಪೌಂಡಿಗೆ ಒರಗಿಕೊಂಡು, ಗೌರಮ್ಮ ಹೂ ಕಟ್ಟುತ್ತಾರೆ. ನಾನು ಮದುವೆಯಾಗಿ ಈ ಬೀದಿಗೆ ಬಂದಾಗಲೇ ಅವರು ಅಲ್ಲಿದ್ದರು. ಒಂದು ಪ್ಲಾಸ್ಟಿಕ್ ಸ್ಟೂಲು, ಒಂದು ಬುಟ್ಟಿ, ಮುಂದೆ ಒದ್ದೆ ಗೋಣಿಚೀಲ. ಸೇವಂತಿಗೆ, ಕಾಕಡ, ಸೀಸನ್ನಿಗೆ ಮಲ್ಲಿಗೆ.

ಪಕ್ಕದ ಬಡಾವಣೆಯ ಪಾರ್ಕಿನಲ್ಲಿ ಕಾರಂಜಿ ಬಂತು. ಅದರಾಚೆಯ ಪಾರ್ಕಿನಲ್ಲಿ ಫೈಬರ್ ಡೈನೋಸಾರ್ ಬಂತು. ನಮ್ಮಲ್ಲಿ ಇದ್ದದ್ದು ಬೋರ್‌ವೆಲ್ಲು ಮತ್ತು 'ಹೂ ಕೀಳಬಾರದು' ಎಂಬ ಬೋರ್ಡು. ಸಂಘಕ್ಕೆ ಅವಮಾನವಾಯಿತು. ಅಷ್ಟರಲ್ಲಿ ಒಬ್ಬ ಸದಸ್ಯರು ಯೂರೋಪ್ ಟೂರು ಮುಗಿಸಿಕೊಂಡು ಬಂದರು. ಅಲ್ಲಿ ಪ್ರತಿ ಊರಿನ ಪಾರ್ಕಿನಲ್ಲೂ ಶಾಂತಿಗೋ ನ್ಯಾಯಕ್ಕೋ ಸತ್ತವರ ನೆನಪಿಗೋ ಒಂದು ಕಲ್ಲು ಇರುತ್ತದಂತೆ, ಜನ ಅದರ ಮುಂದೆ ಸುಮ್ಮನೆ ನಿಲ್ಲುತ್ತಾರಂತೆ. ಸುಮ್ಮನೆ ನಿಲ್ಲುವುದು ಎಂದಾಗಲೇ ಇದು ನಮಗೆ ಆಗಿಬರುವುದಿಲ್ಲ ಅಂತ ಯಾರಾದರೂ ಹೇಳಬೇಕಿತ್ತು.

ಮೀಟಿಂಗಿನಲ್ಲಿ ಒಬ್ಬರು ಪಾರಿವಾಳ ಬೇಕೆಂದರು. ನಿವೃತ್ತ ವಕೀಲರೊಬ್ಬರು ತಕ್ಕಡಿ ಇಲ್ಲದಿದ್ದರೆ ರಾಜೀನಾಮೆ ಎಂದರು. ಮಹಿಳಾ ವಿಭಾಗದವರು ದೀಪ ಕೇಳಿದರು. ಶಾಂತಿಯ ವಿಷಯದಲ್ಲಿ ಜಗಳ ಆಗಬಾರದಲ್ಲ? ಅದಕ್ಕೇ ಮೂರನ್ನೂ ಸೇರಿಸಿದರು. ಯಾರಿಗೂ ಬೇಡ ಎನ್ನದಿರುವುದೇ ನಮ್ಮ ಸಂಘದ ಸಂವಿಧಾನ. ಹಾಗೆ ಹುಟ್ಟಿತು, ತಕ್ಕಡಿ ಕಚ್ಚಿಕೊಂಡು ದೀಪ ಹೊತ್ತ ಪಾರಿವಾಳ. (ನಮ್ಮ ಬೀದಿಯ ಒಂದೊಂದು ಬಾಲ್ಕನಿಗೂ ಪಾರಿವಾಳ ಬರದಂತೆ ಬಲೆ ಹಾಕಿಸಿದ್ದೇವೆ ಎಂಬುದನ್ನು ಯಾರೂ ಎತ್ತಲಿಲ್ಲ.)

ಕೆಳಗೆ, ಮುಂದಿನ ಗೇಟಿನ ಹತ್ತಿರ, ಮೂರು ಮುಖದ ಕಂಬ. ಮೂರಕ್ಕೂ ಗ್ರಾನೈಟ್ ಹಲಗೆ. ಒಂದರ ಮೇಲೆ 'ಶಾಂತಿ', ಇನ್ನೊಂದರ ಮೇಲೆ 'ನ್ಯಾಯ', ಮೂರನೆಯದರ ಮೇಲೆ 'ಸ್ಮರಣೆ'. ಯಾರ ಸ್ಮರಣೆ? ಅಲ್ಲಿ ಸಿಕ್ಕಿಬಿದ್ದರು. ಒಬ್ಬೊಬ್ಬರೂ ತಮ್ಮ ತಮ್ಮ ತಂದೆಯ ಹೆಸರು ಹೇಳಿದರು. ಕೊನೆಗೆ ಆ ಪದದ ಕೆಳಗಿನ ಜಾಗ ಖಾಲಿ ಬಿಟ್ಟು, ಹೆಸರು ಆಮೇಲೆ ನೋಡೋಣ ಎಂದರು. ಬುಡದ ಕಟ್ಟೆಯ ಮೇಲೆ ಮಾತ್ರ ಪದಾಧಿಕಾರಿಗಳ ಹೆಸರು, ಡಿಗ್ರಿ ಸಮೇತ, ಹೊನ್ನಿನ ಬಣ್ಣದಲ್ಲಿ ಬಂದಾಗಿತ್ತು. ನೀವೇ ಗಮನಿಸಿ ನೋಡಿ, ನಮ್ಮ ಊರಿನ ಯಾವುದೇ ಸ್ಮಾರಕದಲ್ಲಿ ಸತ್ತವರ ಹೆಸರಿಗಿಂತ ಬದುಕಿರುವವರ ಹೆಸರು ದಪ್ಪ ಅಕ್ಷರದಲ್ಲಿರುತ್ತದೆ.

ಈಗ ಆ ಭಾನುವಾರಕ್ಕೆ ಬರೋಣ.

ಅತಿಥಿಗಳ ಡೇಟು ಮೊದಲೇ ಸಿಕ್ಕಿತ್ತು, ಪಾರಿವಾಳ ತಡವಾಗಿ ಬಂತು. ಹಿಂದಿನ ದಿನವಷ್ಟೇ ಕಂಬದ ಮೇಲೆ ಕೂರಿಸಿ ಸಿಮೆಂಟು ಹಾಕಿದ್ದರು. ಸಿಮೆಂಟು ಗಟ್ಟಿಯಾಗಲು ದಿನ ಬೇಕು, ನೀರು ಕುಡಿಸಬೇಕು. ಆದರೆ ನೀರು ಹಾಕಿದರೆ ಪೇಂಟ್ ಹೋಗುತ್ತದೆ ಅಂತ ಅದನ್ನೂ ಹಾಕಲಿಲ್ಲ. ಮಧ್ಯಾಹ್ನದಿಂದ ಗಾಳಿ. ರೇಷ್ಮೆ ಪರದೆ ಮತ್ತೆ ಮತ್ತೆ ಹಾರಿ, ಅನಾವರಣಕ್ಕೆ ಮೊದಲೇ ಪಾರಿವಾಳದ ಬಾಲ ಕಾಣಿಸುತ್ತಿತ್ತು. ಅಧ್ಯಕ್ಷರಿಗೆ ಸಿಟ್ಟು ಬಂತು. "ಸರಿಯಾಗಿ ಬಿಗೀರಯ್ಯ ಅದನ್ನ" ಎಂದರು. ಯಾರೋ ಬಿಗಿದರು. ಪಾರಿವಾಳದ ಕುತ್ತಿಗೆಗೇ ಬಿಗಿದರು.

ಅತಿಥಿಗಳು ಒಂದು ಸಲ ಎಳೆದರು, ಪರದೆ ಬರಲಿಲ್ಲ. ಕ್ಯಾಮೆರಾ ಕಡೆ ನಕ್ಕರು. ಎರಡನೇ ಸಲ ಎಳೆದರು, ಬರಲಿಲ್ಲ. ಜನನಾಯಕರಲ್ಲವೇ, ಮೂರನೇ ಸಲ ಒಂದು ಕಾಲು ಹಿಂದಿಟ್ಟು ಎರಡೂ ಕೈಯಲ್ಲಿ ಎಳೆದರು.

ಅದೇ ಕ್ಷಣದಲ್ಲಿ ಅಧ್ಯಕ್ಷರು "ಹಾರ ಎಲ್ಲಿ, ಹಾರ ತಾರಮ್ಮ" ಅಂತ ಗೌರಮ್ಮನ ಕಡೆ ಕೈ ಬೀಸಿದ್ದರು. ಗೌರಮ್ಮ ಗುಲಾಬಿ ಹಾರ ಹಿಡಿದು ನನ್ನ ಕಡೆಗೆ ಬರುತ್ತಿದ್ದರು. ಕಂಬದ ಮುಂದೆ ದೊಡ್ಡ ರಂಗೋಲಿ. ಅದರ ಅಂಚಿಗೆ ಬಂದವರು ಒಂದು ಗಳಿಗೆ ನಿಂತರು. ಚಪ್ಪಲಿ ಬಿಡಲು. ಬಗ್ಗಿ ಎಡಗಾಲಿನ ಚಪ್ಪಲಿ ಬಿಟ್ಟರು. ಬಲಗಾಲಿನದು ಬಿಡುವಷ್ಟರಲ್ಲಿ ಪಾರಿವಾಳ ರಂಗೋಲಿಯ ನಟ್ಟನಡುವೆ ಬಿತ್ತು. ಬಗ್ಗದೆ ಹಾಗೇ ನಡೆದು ಬಂದಿದ್ದರೆ ಅವರ ತಲೆ ಇರುತ್ತಿದ್ದ ಜಾಗ ಅದು.

ನನಗೂ ಅದಕ್ಕೂ ನಡುವೆ ಮೈಕು ಸ್ಟ್ಯಾಂಡು ಮಾತ್ರ. ಕೊಕ್ಕಿನಿಂದ ಕಳಚಿದ ತಕ್ಕಡಿಯ ತಟ್ಟೆ ಉರುಳಿ ಬಂದು ನನ್ನ ಪಾದಕ್ಕೆ ಬಡಿಯಿತು. ನ್ಯಾಯ ನನ್ನನ್ನು ಮುಟ್ಟಿದ್ದು ಜೀವನದಲ್ಲಿ ಅದೊಂದೇ ಸಲ.

ಅತಿಥಿಗಳು ಹಗ್ಗವನ್ನು ಕೈಯಲ್ಲಿ ಹಿಡಿದುಕೊಂಡೇ ಕಾರು ಹತ್ತಿದರು. ವಂದನಾರ್ಪಣೆ ಮಾತ್ರ ಬಿಡಲಿಲ್ಲ, ನಡೆಯಿತು. ಉಪ್ಪಿಟ್ಟು ಕೇಸರಿಬಾತೂ ನಡೆಯಿತು. ಪಾರಿವಾಳದ ತುಂಡುಗಳ ಸುತ್ತ ನಿಂತು, ದೊನ್ನೆ ಹಿಡಿದು, "ಸದ್ಯ ಯಾರಿಗೂ ಏನೂ ಆಗಲಿಲ್ಲ" ಅಂತ ಎಲ್ಲರೂ ಹೇಳಿದರು. ದ್ರಾಕ್ಷಿ ಕಡಿಮೆ ಹಾಕಿದ್ದಾರೆ ಅಂತಲೂ ಯಾರೋ ಹೇಳಿದರು.

ನನಗೆ ಆವತ್ತಿನಿಂದ ನಿದ್ದೆ ಹೋಯಿತು.

ಕಣ್ಣು ಮುಚ್ಚಿದರೆ ರಂಗೋಲಿ. ರಂಗೋಲಿಯ ಅಂಚಿನಲ್ಲಿ ಗೌರಮ್ಮ. ಪ್ರತಿ ಸಲವೂ ಅವರು ಚಪ್ಪಲಿ ಬಿಡದೆ ಸೀದಾ ನಡೆದು ಬರುತ್ತಾರೆ. ನಾನು ಮೈಕಿನಲ್ಲಿ ಕೂಗಬೇಕು, ಆದರೆ ಬಾಯಿಂದ ಬರುವುದು "ಈಗ ಮಾನ್ಯ ಅತಿಥಿಗಳಿಂದ" ಎಂಬ ಮಾತು ಮಾತ್ರ. ಕುಕ್ಕರ್ ಕೂಗಿದರೆ ಬೆಚ್ಚುತ್ತಿದ್ದೆ. ಮೇಲಿನ ಮನೆಯವರು ಕುರ್ಚಿ ಎಳೆದರೆ ಗೋಡೆಗೆ ಅಂಟಿಕೊಳ್ಳುತ್ತಿದ್ದೆ. ಕಾಲೇಜಿನಲ್ಲಿ ಸೈಕಾಲಜಿ ಓದಿದವಳು ನಾನು. ಇದಕ್ಕೆ ಏನು ಹೆಸರು, ಯಾಕೆ ಹೀಗಾಗುತ್ತದೆ, ಎಲ್ಲ ಗೊತ್ತು. ಗೊತ್ತಿದ್ದರೆ ನಿದ್ದೆ ಬರುತ್ತದೆ ಅಂತ ಸಿಲಬಸ್ಸಿನಲ್ಲಿ ಎಲ್ಲೂ ಇರಲಿಲ್ಲ.

"ಬೀಳ್ಲಿಲ್ಲ ತಾನೆ ನಿನ್ ಮೇಲೆ?" ಅಂತ ನನ್ನ ಗಂಡ ಕೇಳಿದ. "ಬೀಳದೇ ಇದ್ದಿದ್ದನ್ನ ಎಷ್ಟು ಸಲ ನೆನಪಿಸ್ಕೋತೀಯ?"

"ಬಿದ್ದಿದ್ರೆ ನೆನಪಿಸ್ಕೊಳ್ಳೋಕೆ ನಾನಿರ್ತಿದ್ನಾ?"

"ಪಾಯಿಂಟು" ಎಂದು ಮಗ್ಗುಲು ಬದಲಿಸಿದ. ಅವನಿಗೆ ನಿದ್ದೆ ಬರುವುದು ಸ್ವಿಚ್ ಆಫ್ ಮಾಡಿದ ಹಾಗೆ.

ಹಗಲಲ್ಲಾದರೂ ಸಮಾಧಾನ ಸಿಗಲಿ ಅಂತ ಅವನನ್ನು ಪಾರ್ಕಿಗೆ ಎಳೆದುಕೊಂಡು ಹೋದೆ. ಸಿವಿಲ್ ಇಂಜಿನಿಯರಿಂಗ್ ಓದಿ ಇನ್ಶೂರೆನ್ಸ್ ಕಂಪನಿಯಲ್ಲಿ ಕೆಲಸ ಮಾಡುವವನು ಅವನು. ಎರಡಕ್ಕೂ ಒಟ್ಟಿಗೆ ಉಪಯೋಗವಾಗುವ ಸಂದರ್ಭ ಇದೇ ಮೊದಲು. ಪಾರಿವಾಳ ಹೋದರೂ ಕಂಬ ನಿಂತಿತ್ತು. ಅವನು ಸುತ್ತ ನೋಡಿದ, ಬುಡದಲ್ಲಿ ಕುಕ್ಕರುಗಾಲಲ್ಲಿ ಕೂತ, ಬಿರುಕಿನೊಳಗೆ ಮನೆಯ ಬೀಗದ ಕೈ ತೂರಿಸಿದ. ಬೀಗದ ಕೈ ಪೂರ್ತಿ ಒಳಗೆ ಹೋಯಿತು.

"ಇದು ನಿಂತಿಲ್ಲ ಕಣೇ. ಒರಗ್ಕೊಂಡಿದೆ."

"ಯಾವುದಕ್ಕೆ?"

"ಅದೇ ಗೊತ್ತಾಗ್ತಿಲ್ಲ."

ಅತಿಥಿಗಳು ಎಳೆದ ದಿಕ್ಕಿಗೇ ಕಂಬ ವಾಲಿತ್ತು. ಆ ದಿಕ್ಕಿನಲ್ಲಿ ಕಾಂಪೌಂಡು. ಕಾಂಪೌಂಡಿಗೆ ಒರಗಿಕೊಂಡು, ಸ್ಟೂಲಿನ ಮೇಲೆ ಗೌರಮ್ಮ.

ಅವತ್ತಿನಿಂದ ಹಳೆಯ ಭಯಕ್ಕೆ ಹೊಸದೊಂದು ಸೇರಿತು. ಆಗಿಹೋದದ್ದರ ರೀಪ್ಲೇ ಒಂದು ಕಡೆ, ಆಗಲಿರುವುದರ ಟ್ರೇಲರ್ ಇನ್ನೊಂದು ಕಡೆ. ಆ ಕಂಬ ಇಳಿಯುವವರೆಗೂ ಅಥವಾ ಗೌರಮ್ಮ ಅಲ್ಲಿಂದ ಏಳುವವರೆಗೂ ನನಗೆ ನಿದ್ದೆ ಇಲ್ಲ ಅಂತ ನನಗೆ ಗೊತ್ತಾಗಿಹೋಯಿತು.

ಎದ್ದು ಬೇರೆ ಕಡೆ ಕೂತರೆ ಮುಗಿಯಿತಲ್ಲ ಅಂತೀರಿ. ನಾನೂ ಹಾಗೇ ಅಂದುಕೊಂಡಿದ್ದೆ. ಆದರೆ ಅಷ್ಟರೊಳಗೆ ಅಲ್ಲೊಂದು ಪವಾಡ ನಡೆದುಹೋಗಿತ್ತು.

ಚಪ್ಪಲಿ ಕತೆ. ಮಾರನೆಯ ದಿನ ಗೌರಮ್ಮ ಹೂ ಕೊಳ್ಳಲು ಬಂದ ಯಾರಿಗೋ ಹೇಳಿದರು: "ಚಪ್ಪಲಿ ಬಿಡು ಅಂತ ಯಾರೋ ಕಿವೀಲಿ ಹೇಳ್ದಂಗಾಯ್ತು." ಅಷ್ಟು ಸಾಕಾಯಿತು. ಪಾರಿವಾಳದ ತಲೆಯ ತುಂಡನ್ನು ಅವರೇ ಎತ್ತಿ ಕಂಬದ ಬುಡಕ್ಕಿಟ್ಟು, ಒಂದು ಚಿಟಿಕೆ ಕುಂಕುಮ ಇಟ್ಟು, ಉಳಿದ ಸೇವಂತಿಗೆ ಏರಿಸಿದ್ದರು. ಆಯುಧಪೂಜೆಗೆ ಪ್ರಿಂಟರಿಗೂ ಕುಂಕುಮ ಹಚ್ಚುವ ಜನ ನಾವು. ಕುಂಕುಮ ಕಂಡ ಮೇಲೆ ಕೈ ಮುಗಿಯದೆ ಹೋಗಲು ಸಾಧ್ಯವೇ? ಮಂಗಳವಾರ ಯಾರೋ ಅರಿಶಿನ ಹಚ್ಚಿದರು. ಶುಕ್ರವಾರ ನಿಂಬೆಹಣ್ಣಿನ ದೀಪ ಬಂತು. ಮುಂದಿನ ವಾರದ ಹೊತ್ತಿಗೆ ಪಾರಿವಾಳ ದೇವಿಯಾಗಿ, ಆಕೆಗೆ ಹೆಸರೂ ಬಂದಿತ್ತು. ಶಾಂತಮ್ಮ.

ಶಾಂತಮ್ಮನಿಗೆ ಹರಕೆ ಹೊತ್ತರೆ ಮನೆಯ ಇ-ಖಾತಾ ಬೇಗ ಆಗುತ್ತದೆ ಎಂದು ಸುದ್ದಿ. ಬನಶಂಕರಿಯಿಂದ, ಪುಟ್ಟೇನಹಳ್ಳಿಯಿಂದ ಜನ ಬರತೊಡಗಿದರು. ವಾಲಿದ ಕಂಬದ ಸುತ್ತ ಪ್ರದಕ್ಷಿಣೆ. ಚಪ್ಪಲಿ ಮಾತ್ರ ಗೇಟಿನಾಚೆ, ಬಹಳ ಶಿಸ್ತಾಗಿ. ವಾಲಿರುವುದನ್ನು ಯಾರೂ ನೋಡಲಿಲ್ಲ ಅಂತಲ್ಲ. "ತಾಯಿ ನಮ್ಮ ಕಡೆ ಬಾಗಿದಾಳೆ" ಅಂತ ಒಬ್ಬಾಕೆ ಕಣ್ಣೊರೆಸಿಕೊಂಡರು.

ಗೌರಮ್ಮ ಸ್ಟೂಲನ್ನು ಕಂಬದ ಬುಡಕ್ಕೇ ಎಳೆದುಕೊಂಡಿದ್ದರು. ನಾನು ಅವರ ಮುಂದೆ ಹೋಗಿ ಕುಕ್ಕರಿಸಿದೆ.

"ಗೌರಮ್ಮ, ಹಿಂದಿನ ಗೇಟಿನ ಹತ್ರ ಕೂತ್ಕೊಳ್ಳಿ. ಇದು ವಾಲಿದೆ."

"ಗೊತ್ತು ಕಣಕ್ಕ. ನಂಗೂ ಕಣ್ಣೈತೆ."

"ಮತ್ತೆ?"

"ಮತ್ತೇನು? ಇಷ್ಟು ವರ್ಷ ಹೂವ ಹೂವ ಅಂತ ನಾನೇ ಕೂಗ್ತಿದ್ದೆ, ಒಬ್ರೂ ತಿರುಗ್ತಿರ್ಲಿಲ್ಲ. ಈಗ ಅವರೇ ಬಂದು, ಗೌರಮ್ಮನೋರೆ, ತಾಯಿಗೆ ಯಾವ ಹೂ ಇಷ್ಟ ಅಂತ ಕೇಳ್ತಾರೆ. ನಿಮ್ ಅಧ್ಯಕ್ಷರ ಹೆಂಡ್ರು ನಿನ್ನೆ ನನ್ನ 'ಬನ್ನಿ' ಅಂದ್ರು. ಮೊದ್ಲು 'ಬಾರೇ' ಅಂತಿದ್ರು."

"ಯಾವ ಹೂ ಇಷ್ಟ ಅಂತ ಹೇಳಿದ್ರಿ?"

"ಅವತ್ತು ಯಾವ್ದು ಉಳ್ದಿರ್ತದೋ ಅದು."

ನಗದೆ ಇರಲಾಗಲಿಲ್ಲ. ಅವರೂ ನಕ್ಕರು. ಬೆರಳು ಮಾತ್ರ ನಿಲ್ಲಲಿಲ್ಲ. ಗೌರಮ್ಮ ಹೂ ಕಟ್ಟುವುದನ್ನು ನೀವು ನೋಡಬೇಕು. ಕಣ್ಣು ನಿಮ್ಮ ಮೇಲೆ, ಮಾತು ನಿಮ್ಮ ಜೊತೆ, ಬೆರಳು ತಮ್ಮ ಪಾಡಿಗೆ ತಾವು ಗಂಟು ಹಾಕಿಕೊಂಡು ಹೋಗುತ್ತವೆ.

"ಅದು ಬಿದ್ರೆ ಗೌರಮ್ಮ?"

"ಬಿದ್ರೆ ಬೀಳ್ತದೆ. ರೋಡಲ್ಲಿ ಕೂತ್ರೆ ನೀರಿನ ಟ್ಯಾಂಕರು ಹೊಡೀತದೆ. ಫುಟ್‌ಪಾತಲ್ಲಿ ಕೂತ್ರೆ ಸ್ಕೂಟರು ಹತ್ತಿಸ್ತಾರೆ. ಇಲ್ಲಿ ತಾಯಿ ಆದ್ರೂ ಅವ್ಳೆ."

ಒಂದು ಮೊಳ ಕೊಂಡು ಎದ್ದೆ.

ಅಧ್ಯಕ್ಷರ ಮನೆಗೆ ಹೋದೆ. ನಂಜುಂಡಯ್ಯ ಅಂಕಲ್ ಕೆಟ್ಟವರಲ್ಲ. ನನ್ನ ಪಾದದ ಗಾಯ ವಿಚಾರಿಸಿದರು, ಕಾಫಿ ಕೊಡಿಸಿದರು. ಆಮೇಲೆ ನಿಟ್ಟುಸಿರಿಟ್ಟರು.

"ಶಾಂತಿ ಸ್ತಂಭ ಕೆಡವಿದ ಸಂಘ ಅಂತ ಯಾರಾದ್ರೂ ವಿಡಿಯೋ ಹಾಕಿದ್ರೆ? ನಾವು ಅಶಾಂತಿ ಪರ ಅಂತ ಆಗಲ್ವಾ?"

"ಬಿದ್ದು ಯಾರಾದ್ರೂ ಸತ್ರೆ ಅಂಕಲ್?"

"ನೋಡಮ್ಮ, ಬರೀ ಸ್ಮಾರಕ ಆಗಿದ್ದಿದ್ರೆ ನಾಳೇನೇ ತೆಗೆಸ್ತಿದ್ದೆ. ಈಗ ಅದು ದೇವರು. ನಮ್ಮ ಮನೆಯವಳೇ ಶುಕ್ರವಾರ ದೀಪ ಹಚ್ತಾಳೆ. ದೇವರನ್ನ ಒಡೆಸಿ ನಾನು ಈ ಮನೇಲಿ ಊಟ ಮಾಡೋದು ಹೇಗೆ?"

ಅದೂ ಪಾಯಿಂಟೇ.

ಸಂಬಂಧಪಟ್ಟ ಕಚೇರಿಗೂ ಹೋದೆ. ಅಲ್ಲಿದ್ದವರು ಕಂಪ್ಯೂಟರಿನಲ್ಲಿ ಹುಡುಕಿ, ತಲೆಯಾಡಿಸಿದರು. "ನಮ್ಮ ರೆಕಾರ್ಡಲ್ಲಿ ಆ ಪಾರ್ಕಲ್ಲಿ ಸ್ತಂಭನೇ ಇಲ್ಲ ಮೇಡಂ. ಇಲ್ಲದೇ ಇರೋದನ್ನ ಹೇಗೆ ಒಡೆಯೋದು?"

"ಬಿದ್ರೆ?"

"ಬಿದ್ರೆ ತೊಂದ್ರೆ ಇಲ್ಲ, ಎತ್ತಿಸ್ತೀವಿ. ಆಗ ಅದು ಡೆಬ್ರಿಸ್, ಕಟ್ಟಡದ ಕಸ ಆಗುತ್ತಲ್ಲ."

ಯೋಚಿಸಿ. ನಿಂತಿರುವಾಗ ಅದು ಇಲ್ಲ. ಬಿದ್ದ ಮೇಲೆ ಇದೆ. ವೇದಾಂತ ಓದಲು ಯಾಕೆ ಮಠಕ್ಕೆ ಹೋಗುತ್ತಾರೋ. ಬರುವಾಗ ಆಟೋದಲ್ಲಿ ನನಗೊಂದು ಕೆಟ್ಟ ಯೋಚನೆ ಬಂತು. ಆ ಮೂರನೇ ಹಲಗೆ ಖಾಲಿ ಇದೆಯಲ್ಲ, ಯಾರ ಸ್ಮರಣೆ ಅಂತ ತೋಚದೆ ಬಿಟ್ಟದ್ದು? ಕಂಬ ಬಿದ್ದ ದಿನ ಸಂಘಕ್ಕೆ ಒಂದು ಹೆಸರು ಸಿಗುತ್ತದೆ. ಸರ್ವಾನುಮತದಿಂದ.

ಆಮೇಲೊಂದು ಮಂಗಳವಾರ ಮಧ್ಯಾಹ್ನ, ಮಳೆಗೆ ಮುಂಚಿನ ಗಾಳಿ ಎದ್ದಿತು. ನಾನು ತರಕಾರಿ ಚೀಲ ಹಿಡಿದು ಗೇಟಿನ ಹತ್ತಿರ ಬರುತ್ತಿದ್ದೆ. ಗೌರಮ್ಮ ಸ್ಟೂಲಿನಿಂದೆದ್ದು, ಹೂವಿಗೆ ಚಿಮುಕಿಸಲು ಚೊಂಬಿನಲ್ಲಿ ನೀರು ತರಲು ನಲ್ಲಿಯ ಕಡೆ ಹೋದರು. 'ನ್ಯಾಯ' ಎಂದು ಬರೆದ ಗ್ರಾನೈಟ್ ಹಲಗೆ ಸದ್ದಿಲ್ಲದೆ ಕಂಬದಿಂದ ಬಿಟ್ಟುಕೊಂಡು, ಜಾರಿ, ಸ್ಟೂಲನ್ನು ಎರಡು ಹೋಳು ಮಾಡಿ ನೆಲಕ್ಕೆ ಕುಳಿತಿತು.

ನಾನು ಚೀಲ ಅಲ್ಲೇ ಬಿಟ್ಟು ಓಡಿದೆ. ಗೌರಮ್ಮ ಚೊಂಬು ಹಿಡಿದು ನಿಂತಿದ್ದರು. ಸ್ಟೂಲು ನೋಡಿದರು. ಕಂಬ ನೋಡಿದರು. ದೂರದಲ್ಲಿ ನೆಲದ ಮೇಲೆ ಕೂತು, ಅಭ್ಯಾಸಬಲದಿಂದ ನಾರು ಕೈಗೆತ್ತಿಕೊಂಡರು. ಎರಡು ಕಾಕಡ ಜೋಡಿಸಿದರು. ಜಾರಿತು. ಮತ್ತೆ ಜೋಡಿಸಿದರು. ಮತ್ತೆ ಜಾರಿತು.

"ಅಕ್ಕ, ಗಂಟು ಬೀಳ್ತಿಲ್ಲ" ಎಂದರು.

ನಾನು ಅವರ ಎರಡೂ ಕೈ ಹಿಡಿದುಕೊಂಡೆ. 

"ಈಗಲಾದ್ರೂ ಎದ್ದು ಬನ್ನಿ ಗೌರಮ್ಮ."

"ಎದ್ದೋದ್ರೆ ಏನಂತಾರೆ? ತಾಯೀನ ಮಾತಾಡ್ಸಿದೋಳೇ ತಾಯೀನ ಬಿಟ್ಟೋದ್ಲು ಅಂತಾರೆ. ಮತ್ತೆ 'ಬಾರೇ' ಅಂತಾರೆ." ಕೈ ಬಿಡಿಸಿಕೊಂಡು ನಾರನ್ನು ಬುಟ್ಟಿಗೆ ಹಾಕಿದರು. "ತಾಯೀನೇ ನನ್ ಜೊತೆ ಎದ್ದು ಬರ್ಲಿ. ಆಗ ಬತ್ತೀನಿ."

ನನ್ನ ತಲೆಯಲ್ಲಿ ಅಂತೂ ದೀಪ ಹೊತ್ತಿದ್ದು ಆಗ. ದೇವರು ಎದ್ದು ಬರುವುದಿಲ್ಲ ಅಂತ ಯಾರು ಹೇಳಿದ್ದು? ಹಳೆಯ ಗುಡಿ ಕೆಡವಿ ಹೊಸದು ಕಟ್ಟುವಾಗ ಕಳಾಕರ್ಷಣೆ ಅಂತ ಮಾಡುತ್ತಾರೆ. ವಿಗ್ರಹದಲ್ಲಿರುವ ಕಳೆಯನ್ನು ಮಂತ್ರ ಹೇಳಿ ಒಂದು ಕಲಶದ ನೀರಿಗೆ ಇಳಿಸುತ್ತಾರೆ. ಆಮೇಲೆ ಉಳಿಯುವುದು ಬರೀ ಕಲ್ಲು. ಅದನ್ನು ಯಾರು ಬೇಕಾದರೂ ಮುಟ್ಟಬಹುದು.

ಸ್ತಂಭದ ದಿನ ಪೂಜೆ ಮಾಡಿದ್ದ ಭಟ್ಟರ ಮನೆಗೆ ಅವತ್ತೇ ಹೋದೆ. ವಿಷಯ ಹೇಳಿದೆ. ಭಟ್ಟರು ಎಲೆಯಡಿಕೆ ಬಾಯಿಗೆ ಹಾಕಿಕೊಂಡು ಕೇಳಿದರು.

"ಆವತ್ತು ನಾನು ಪ್ರಾಣಪ್ರತಿಷ್ಠೆ ಏನೂ ಮಾಡಿಲ್ಲಮ್ಮ. ಬರೀ ಪುಣ್ಯಾಹ. ನೀರು ಚಿಮುಕಿಸಿದ್ದು ಅಷ್ಟೆ. ಅಲ್ಲಿ ಯಾವ ದೇವರೂ ಇಲ್ಲ, ತೆಗೆಯೋಕೆ."

"ಹಾಗಂತ ಜನಕ್ಕೆ ಹೇಳಿಬಿಡಿ ಭಟ್ರೆ."

"ಹೇಳಿದ್ರೆ ನಂಬ್ತಾರಾ? ಭಟ್ಟನಿಗೆ ಏನು ಗೊತ್ತು ಅಂತಾರೆ. ದೇವರು ಇಲ್ಲ ಅಂದ್ರೆ ಹೊಡೆಯೋಕೆ ಬರ್ತಾರೆ, ದೇವರನ್ನ ಎತ್ತಿ ಕಲಶದಲ್ಲಿ ಇಡ್ತೀನಿ ಅಂದ್ರೆ ತೆಂಗಿನಕಾಯಿ ತಂದ್ಕೊಡ್ತಾರೆ." ಎದ್ದು ಪಂಚಾಂಗ ತೆಗೆದರು. "ಗುರುವಾರ ಬೆಳಗ್ಗೆ ಚೆನ್ನಾಗಿದೆ. ಅಧ್ಯಕ್ಷರಿಗೆ ಫೋನ್ ಮಾಡು. ಜೆಸಿಬಿಗೂ ಹೇಳಿಡು."

ಅಧ್ಯಕ್ಷರು ಫೋನಿನಲ್ಲೇ ಹತ್ತು ವರ್ಷ ಚಿಕ್ಕವರಾದರು. ದೇವರನ್ನು ಒಡೆಯಬೇಕಿಲ್ಲ, ಶಿಫ್ಟ್ ಮಾಡಿದರೆ ಸಾಕು. ಶಿಫ್ಟಿಂಗ್ ಎಂದರೆ ಬೆಂಗಳೂರಿನವರಿಗೆ ಅರ್ಥವಾಗದೆ ಇರುತ್ತದೆಯೇ?

ಗುರುವಾರ ಬೆಳಗ್ಗೆ ಅರ್ಧ ಬಡಾವಣೆ ಪಾರ್ಕಿನಲ್ಲಿತ್ತು. ಕಂಬದಿಂದ ದೂರದಲ್ಲಿ ಹಗ್ಗ ಕಟ್ಟಿ ಜನರನ್ನು ನಿಲ್ಲಿಸಿದ್ದರು (ಹಗ್ಗವನ್ನು ಕಂಬಕ್ಕೆ ಕಟ್ಟಿಲ್ಲ ಅಂತ ನಾನೇ ಖುದ್ದಾಗಿ ನೋಡಿದೆ). ಭಟ್ಟರು ತಾಮ್ರದ ಕಲಶ ಇಟ್ಟು, ದಾರವನ್ನು ಕಂಬದ ಬುಡಕ್ಕೆ ತಾಗಿಸಿ, ಬಹಳ ಹೊತ್ತು ಮಂತ್ರ ಹೇಳಿದರು. ಹೀಗೆ ಶಾಂತಿ, ನ್ಯಾಯ, ಸ್ಮರಣೆ ಮೂರೂ ಒಂದು ಕಲಶದೊಳಗೆ ಇಳಿದವು. ಜಾಗ ಸಾಲದೇ ಹೋಗಲಿಲ್ಲ.

ಮುಗಿದ ಮೇಲೆ ಅಧ್ಯಕ್ಷರು ಕೈ ಚಾಚಿದರು. "ಕೊಡಿ ಭಟ್ರೆ, ಸಂಘದ ಆಫೀಸಲ್ಲಿ ಇಡಿಸ್ತೀನಿ. ಸೇಫಾಗಿರುತ್ತೆ."

ಗೌರಮ್ಮ ಹಗ್ಗ ದಾಟಿ ಬಂದರು. ಬರಿಗಾಲು, ತಲೆತುಂಬ ಅವರೇ ಕಟ್ಟಿದ ಹೂ. "ಇಲ್ಲಿ ಕೊಡಿ ಸ್ವಾಮಿ" ಎಂದರು ಭಟ್ಟರಿಗೆ. ಅಧ್ಯಕ್ಷರ ಕಡೆ ನೋಡಲೇ ಇಲ್ಲ.

"ಅಲ್ಲಮ್ಮ, ಅದು ಸಂಘದ್ದು..."

"ನಿಮ್ ಹೆಸ್ರು ಕಲ್ಲಲ್ಲಿ ಐತಲ್ಲ ಸಾರ್. ಕಲ್ಲು ನೀವು ಇಟ್ಕಳಿ."

ಅಧ್ಯಕ್ಷರ ಹೆಂಡತಿಯೇ ಮೊದಲು ನಕ್ಕದ್ದು. ಆಮೇಲೆ ತಡೆಯುವವರು ಯಾರು? ಗೌರಮ್ಮ ಕಲಶವನ್ನು ಸೊಂಟದ ಮೇಲಿಟ್ಟುಕೊಂಡು, ನಮ್ಮೆಲ್ಲರನ್ನೂ ಹಿಂದಿಟ್ಟುಕೊಂಡು, ಪಾರ್ಕನ್ನು ಹಾದು ಹಿಂದಿನ ಗೇಟಿಗೆ ನಡೆದರು. ಅಲ್ಲಿ ಹೊಂಗೆಮರದ ಕೆಳಗೆ ಕಲಶ ಇಳಿಸಿದರು. ಅದರ ಪಕ್ಕದಲ್ಲಿ ಹೊಸ ಸ್ಟೂಲು ಹಾಕಿಕೊಂಡರು. ಬುಟ್ಟಿ ಬಂತು, ಗೋಣಿಚೀಲ ಬಂತು. ಮೊದಲ ಮೊಳ ಕೊಂಡವರು ಅಧ್ಯಕ್ಷರ ಹೆಂಡತಿ.

ಭಟ್ಟರು ನನ್ನ ಪಕ್ಕ ನಿಂತು ಶಲ್ಯದಿಂದ ಬೆವರು ಒರೆಸಿಕೊಂಡರು.

"ಏನಿತ್ತು ಭಟ್ರೆ ಅದರಲ್ಲಿ?" ಅಂತ ಮೆಲ್ಲಗೆ ಕೇಳಿದೆ.

"ಕಾವೇರಿ ನೀರು. ದಿನ ಬಿಟ್ಟು ದಿನ ಬರೋದು. ಅದಕ್ಕಿಂತ ಪವಿತ್ರ ಏನಿದೆ ಈ ಊರಲ್ಲಿ?"

ಮಧ್ಯಾಹ್ನ ಜೆಸಿಬಿ ಬಂತು. ಡ್ರೈವರ್ ಇಳಿದು ಮುಂದಿನ ಟೈರಿನ ಕೆಳಗೆ ನಿಂಬೆಹಣ್ಣಿಟ್ಟ, ಹತ್ತಿಸಿದ. ಬಕೆಟ್ಟನ್ನು ನಿಧಾನವಾಗಿ ಎತ್ತಿ, ಕಂಬದ ಹೆಗಲಿಗೆ ತಾಗಿಸಿದ. ತಳ್ಳಲಿಲ್ಲ. ಬರೀ ತಾಗಿಸಿದ.

ಕಂಬ ಬಿತ್ತು.

ಇಡೀ ಉದ್ದಕ್ಕೆ, ಒಂದೇ ಸಲ, ಮಲಗಲು ಕಾಯುತ್ತಿದ್ದವರ ಹಾಗೆ. ಕಾಂಪೌಂಡು ಒಡೆಯಿತು. ಹಳೆಯ ಸ್ಟೂಲು ಇದ್ದ ಜಾಗದ ಮೇಲೆ ಕಂಬ. ಧೂಳು ಇಳಿಯುವವರೆಗೂ ಯಾರೂ ಮಾತಾಡಲಿಲ್ಲ. ನಮ್ಮ ಬಡಾವಣೆಯ ಜನ ಒಂದು ಸ್ಮಾರಕದ ಮುಂದೆ ಸುಮ್ಮನೆ ನಿಂತದ್ದು ಅದೇ ಮೊದಲು.

"ನಾನಿನ್ನೂ ತಳ್ಳೇ ಇಲ್ಲ ಸಾರ್" ಎಂದ ಡ್ರೈವರ್, ಯಾರೋ ಬೈಯುತ್ತಾರೆ ಅಂತ.

ನಾನು ಹಿಂದಿನ ಗೇಟಿನ ಕಡೆ ತಿರುಗಿದೆ. ಸದ್ದಿಗೆ ಗೌರಮ್ಮ ಎದ್ದು ನಿಂತಿದ್ದರು. ಎಷ್ಟೋ ಹೊತ್ತು ಇತ್ತಲೇ ನೋಡಿದರು. ಆಮೇಲೆ ಕೂತರು. ದೂರದಿಂದ ಮುಖ ಕಾಣುತ್ತಿರಲಿಲ್ಲ, ಕೈ ಮಾತ್ರ ಕಾಣುತ್ತಿತ್ತು. ಬೆರಳು ಆಡುತ್ತಿತ್ತು. ಮಾಲೆ ಉದ್ದವಾಗುತ್ತಿತ್ತು.

ಅಧ್ಯಕ್ಷರು ನನ್ನ ಪಕ್ಕ ಬಂದು ನಿಂತರು. ಮುಖ ಬಿಳಿಚಿಕೊಂಡಿತ್ತು. ಅವರಿಗೂ ಅವತ್ತಿನಿಂದ ರೀಪ್ಲೇ ಶುರುವಾಗಿರಬೇಕು ಅಂತ ನನಗೆ ಅನ್ನಿಸಿತು, ಆದರೆ ನಂಜುಂಡಯ್ಯ ಅಂಕಲ್ ಬೇಗ ಸುಧಾರಿಸಿಕೊಳ್ಳುವ ಜನ. "ಈ ಜಾಗ ಖಾಲಿ ಬಿಡೋದು ಸರಿಯಲ್ಲಮ್ಮ" ಎಂದರು. "ಏನಾದ್ರೂ ಒಂದು ಕಲ್ಲು ಇಡಬೇಕು. ಆದ್ರೆ ಏನಂತ ಬರೆಸೋದು? ಇಲ್ಲಿ ಏನೂ ಆಗಲೇ ಇಲ್ಲವಲ್ಲ."

ನಾನು ಮನೆಗೆ ಬಂದೆ. ಉಂಡೆ. ಮೇಲಿನ ಮನೆಯವರು ಕುರ್ಚಿ ಎಳೆದರು, ಎಳೆಯಲಿ ಎಂದುಕೊಂಡೆ. ಮಲಗಿದೆ. ಬೆಳಗ್ಗೆ ಬಿಸಿಲು ಮುಖಕ್ಕೆ ಬಿದ್ದ ಮೇಲೆ ನನ್ನ ಗಂಡ, ಉಸಿರಾಡುತ್ತಿದ್ದೇನೆಯೋ ಇಲ್ಲವೋ ಅಂತ ಗಾಬರಿಯಿಂದ ನನ್ನನ್ನು ಅಲ್ಲಾಡಿಸಿ ಎಬ್ಬಿಸಿದ. ಆ ಭಾನುವಾರದ ನಂತರ ನಾನು ರಾತ್ರಿಯಿಡೀ ನಿದ್ದೆ ಮಾಡಿದ್ದು ಆ ಗುರುವಾರವೇ ಮೊದಲು.

ಅಂಕಲ್ ಹೇಳಿದ್ದು ನಿಜ, ಅಲ್ಲಿ ಏನೂ ಆಗಲಿಲ್ಲ. ಯಾರೂ ಸಾಯಲಿಲ್ಲ ಎಂಬ ಒಂದೇ ಕಾರಣಕ್ಕೆ ಕಟ್ಟಿದ ಸ್ಮಾರಕ ನೀವು ಎಲ್ಲಾದರೂ ನೋಡಿದ್ದೀರಾ?